ಜಾಡಿ ಬೆವರುವ ಹೊತ್ತು

ನನ್ನ ಕೈಗುಣ ಕೆಟ್ಟದ್ದಿರಬಹುದೇ ಎಂಬ ಅನುಮಾನ ಆ ವಾರವೆಲ್ಲ ನನ್ನನ್ನು ಕಾಡುತ್ತಿತ್ತು. ಯಾರ ಮುಂದೆಯೂ ಆಡುವ ಮಾತಲ್ಲ. ಡೈರಿಯಲ್ಲಿ ಬರೆದು, ಬರೆದದ್ದನ್ನು ಓದಿ, ನನಗೆ ನಾನೇ ನಾಚಿ ಪುಟ ಮಡಚಿಟ್ಟಿದ್ದೆ.

ಬೀಜಭಂಡಾರದಲ್ಲಿ ನನ್ನ ಕೆಲಸ ಒಂದೇ. ಒದ್ದೆ ಕಾಗದದ ಮೇಲೆ ಬೀಜ ಹರವಿ, ಎಷ್ಟು ಮೊಳೆಯುತ್ತವೆ ಎಂದು ನೋಡುವುದು. ಮಿಕ್ಕ ಬೀಜಗಳೆಲ್ಲ ಮೊಳೆಯುತ್ತಿದ್ದವು. ಕಡಲಭತ್ತ ಮಾತ್ರ ನಾನು ಮುಟ್ಟಿದ್ದಕ್ಕೇ ಮುನಿಸಿಕೊಂಡಂತೆ ತಟ್ಟೆಯಲ್ಲಿ ಮಲಗಿರುತ್ತಿತ್ತು. ಅಲ್ಲೊಂದು ಇಲ್ಲೊಂದು ಬಿಳಿ ಮೊಳಕೆ. ಉಳಿದದ್ದು ಊದಿಕೊಂಡು, ಬೂಷ್ಟು ಹಿಡಿದು, ವಾಸನೆ.

ಆ ತಟ್ಟೆಯನ್ನು ಅಕ್ಕನೊಬ್ಬಳಿಗೆ ತೋರಿಸಿದ್ದೆ. ಒಡಹುಟ್ಟಿದವಳಲ್ಲ, ಭಂಡಾರದ ಹಿರಿಯ ವಿಜ್ಞಾನಿ. ಎಲ್ಲರೂ ಡಾಕ್ಟರಮ್ಮ ಎನ್ನುತ್ತಾರೆ, ನಾನು ಅಕ್ಕ ಎನ್ನುತ್ತೇನೆ. ಬೀಜವನ್ನು ಹೇಗೆ ಹಿಡಿಯಬೇಕು ಎಂಬುದರಿಂದ ಹಿಡಿದು ನನಗೆ ಎಲ್ಲ ಕಲಿಸಿದವಳು.

"ನನ್ನ ಕೈಗುಣ ಇರ್ಬೇಕು ಅಕ್ಕ," ಎಂದಿದ್ದೆ.

ಅವಳು ನಗಲಿಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ನಿನ್ನ ಕೈಗೇನೂ ಆಗಿಲ್ಲ ಬಿಡು," ಎಂದಳು.

ಅದೇ ವಾರ ಕಡಲಭತ್ತ ಕಳವಾಯಿತು.

*

ಕಳವನ್ನು ಮೊದಲು ಕಂಡವರು ನಿರ್ದೇಶಕರು. ಸಂಜೆಗೆ ದೊಡ್ಡ ಕಾರ್ಯಕ್ರಮವಿತ್ತು. ನಗರದಲ್ಲಿ ನಡೆಯುತ್ತಿದ್ದ ಹವಾಮಾನ ಸಮ್ಮೇಳನದ ಅತಿಥಿಗಳೆಲ್ಲ ನಮ್ಮಲ್ಲಿಗೆ ಬರುವವರಿದ್ದರು. ಅವರಿಗೆ ತೋರಿಸಬೇಕಾದದ್ದು ಒಂದೇ ವಸ್ತು: ಕಡಲಭತ್ತದ ಗಾಜಿನ ಜಾಡಿ.

ಕಡಲು ವರ್ಷದಿಂದ ವರ್ಷಕ್ಕೆ ಒಳಗೆ ಬರುತ್ತಿತ್ತು. ಕರಾವಳಿಯ ಗದ್ದೆಗಳು ಉಪ್ಪಾಗಿ, ಹಾಕಿದ ಭತ್ತವೆಲ್ಲ ಕರಟುತ್ತಿತ್ತು. ತುದಿಗೆ ಉದ್ದನೆ ಕಪ್ಪು ಬಾಲವಿರುವ ಈ ಒಂದು ತಳಿ ಮಾತ್ರ ಉಪ್ಪುನೀರಿನಲ್ಲೂ ನಿಂತು ತೆನೆ ಕೊಡುತ್ತಿತ್ತು. ಅದನ್ನು ಬೆಳೆಯುತ್ತಿದ್ದ ಊರು ಈಗ ನೀರಿನಡಿ. ಉಳಿದದ್ದು ನಮ್ಮ ಜಾಡಿಯಲ್ಲಿದ್ದದ್ದಷ್ಟೇ. ಪತ್ರಿಕೆಗಳಲ್ಲಿ ಅದರ ಫೋಟೋ ನಮ್ಮ ನಿರ್ದೇಶಕರ ಫೋಟೋದಷ್ಟೇ ಸಲ ಬಂದಿತ್ತು.

ಬೆಳಿಗ್ಗೆ ಅವರು ತಣ್ಣನೆ ಕೋಣೆಗೆ ಹೋಗಿ ಜಾಡಿಗೆ ಕೈಹಾಕಿದರು. ನಾನು ತಟ್ಟೆ ಹಿಡಿದು ಹಿಂದೆ ನಿಂತಿದ್ದೆ. ಜಾಡಿ ಎತ್ತಿದವರು, ಅದು ಹಗುರಾಗಿದ್ದಕ್ಕೆ ಆಯ ತಪ್ಪಿ ಒಂದು ಹೆಜ್ಜೆ ಹಿಂದೆ ಸರಿದರು.

"ಏನಿದು? ಏನಿದು ಅಂತೀನಿ!"

ಗಾಜಿನೊಳಗೆ, ತಳದಲ್ಲಿ, ಒಂದು ಹಿಡಿ ಭತ್ತ. ಅದರ ಮೇಲೆ ಮಣಿಗಳ ಪುಟ್ಟ ಬಲೆಚೀಲ. ತೇವ ಕುಡಿದರೆ ನಸುಗೆಂಪಾಗುವ ಮಣಿಗಳವು. ಪ್ರತಿ ಜಾಡಿಯಲ್ಲೂ ಇರುತ್ತವೆ. ಅಚ್ಚ ನೀಲಿಯಾಗಿದ್ದವು. ನೋಡಿದೆ. ನೋಡಿದ್ದನ್ನು ಯೋಚಿಸಲಿಲ್ಲ.

ನಿರ್ದೇಶಕರು ನನ್ನ ಕಡೆ ತಿರುಗಿದರು. ನನ್ನ ಕಿವಿಗಳು ಕೆಂಪಾದವು. ಇದು ನನ್ನ ಹುಟ್ಟುರೋಗ. ಯಾರೋ ಕದ್ದರೆ, ಯಾರೋ ಸೀನಿದರೆ, ಯಾರೋ ಲಿಫ್ಟಿನಲ್ಲಿ ಹೂಸಿದರೆ, ಕೆಂಪಾಗುವುದು ನನ್ನ ಕಿವಿ.

"ನಿನ್ನ ಕಿವಿ ಯಾಕೆ ಹಾಗಾಯ್ತು?"

ತಟ್ಟೆಯನ್ನು ಕಿವಿಗೆ ಅಡ್ಡ ಹಿಡಿದೆ.

*

ಪೊಲೀಸರನ್ನು ಕರೆದರೆ ಸುದ್ದಿಯಾಗುತ್ತದೆ. ಸುದ್ದಿಯಾದರೆ ಸಂಜೆಯ ಅತಿಥಿಗಳಿಗೆ ಜಾಡಿಯ ಬದಲು ಮುಖ ತೋರಿಸಬೇಕಾಗುತ್ತದೆ. ಹಾಗಾಗಿ ನಿರ್ದೇಶಕರಿಗೆ ನನ್ನ ದೊಡ್ಡಮ್ಮನ ನೆನಪಾಯಿತು.

ದೊಡ್ಡಮ್ಮ ವಿಮಾ ಕಂಪನಿಯಲ್ಲಿ ನಷ್ಟದ ತನಿಖೆ ಮಾಡಿ ನಿವೃತ್ತಳಾದವಳು. ತಾನೇ ಬೆಂಕಿಯಿಟ್ಟು ಪರಿಹಾರ ಕೇಳುವವರನ್ನು ಬೂದಿಯ ವಾಸನೆಯಲ್ಲೇ ಹಿಡಿಯುತ್ತಿದ್ದಳಂತೆ. ಛತ್ರಿ ಊರಿಕೊಂಡು, ಜೇಬಿನ ಕಡಲೆಕಾಯಿ ಬಿಡಿಸುತ್ತ ಬಂದಳು. ಅವಳ ಎಡಗಿವಿ ಮಂದ ಎಂದು ಲೋಕಕ್ಕೆಲ್ಲ ಗೊತ್ತು. ಅದು ಸುಳ್ಳೆಂದು ನನಗೊಬ್ಬಳಿಗೆ ಗೊತ್ತು. ಮನೆಯಲ್ಲಿ ನಾನು ಹೊದಿಕೆಯೊಳಗೆ ಬಿಸ್ಕತ್ತು ಕಡಿದರೂ ಪಕ್ಕದ ಕೋಣೆಯಿಂದ "ನನಗೊಂದು" ಎನ್ನುವವಳು ಅವಳು.

"ಸುಳ್ಳನ್ನ ಎರಡನೇ ಸಲ ಹೇಳಿಸ್ಬೇಕು ಮಗಳೇ," ಎಂದು ಒಮ್ಮೆ ಗುಟ್ಟು ಹೇಳಿದ್ದಳು. "ನಿಜ ಅದೇ ಬಟ್ಟೇಲಿ ಬರುತ್ತೆ. ಸುಳ್ಳು ಬಟ್ಟೆ ಬದಲಾಯಿಸಿ ಬರುತ್ತೆ."

ಜಾಡಿಯನ್ನು ಇದ್ದಲ್ಲೇ ಇರಿಸಿ, ಮೊದಲು ಜನರನ್ನು ಕೇಳುತ್ತೇನೆ ಎಂದಳು.

ನಿರ್ದೇಶಕರ ಕೋಣೆ. ಗೋಡೆ ತುಂಬ ಫೋಟೋಗಳು. ಎಲ್ಲದರಲ್ಲೂ ಅವರು ಯಾರದ್ದೋ ಅಂಗೈಗೆ ಜಾಡಿಯಿಂದ ಕಡಲಭತ್ತ ಸುರಿಯುತ್ತಿದ್ದಾರೆ. ಯಾರು ಬಂದರೂ ಇದೇ. ತಣ್ಣನೆ ಕೋಣೆಯಿಂದ ಜಾಡಿ ತಂದು, ಮುಚ್ಚಳ ತಿರುಚಿ, ಅಂಗೈಗೆ ಸುರಿದು, "ಭವಿಷ್ಯ ನಿಮ್ಮ ಅಂಗೈಯಲ್ಲಿದೆ!" ಎನ್ನುತ್ತಾರೆ. ಕ್ಯಾಮೆರಾ ಮಿಂಚುತ್ತದೆ. ಭವಿಷ್ಯವನ್ನು ಮತ್ತೆ ಜಾಡಿಗೆ ತುಂಬಿ ಒಳಗಿಡುತ್ತಾರೆ.

"ಜಾಡಿ ಕೊನೇಲಿ ತುಂಬಿದ್ದು ನೋಡಿದ್ದು ಯಾವಾಗ?" ದೊಡ್ಡಮ್ಮ ಕೇಳಿದಳು.

"ನಿನ್ನೆ ಬೆಳಿಗ್ಗೆ. ಮಧ್ಯಾಹ್ನ ಎಲ್ಲರೂ ಮೇಲೆ ಹಾಲ್‌ನಲ್ಲಿ ರಿಹರ್ಸಲ್‌ಗೆ ಬಂದಿದ್ರು. ಈ ಹುಡುಗಿಗೆ ಸ್ವಾಗತ ಭಾಷಣ ಕೊಟ್ಟಿದ್ದೆ. ಗುಂಗಾಡಿ ಗುಂಯ್‌ಗುಟ್ಟಿದ ಹಾಗೆ ಮಾತಾಡ್ತಾಳೆ! ಮಧ್ಯಾಹ್ನವೆಲ್ಲ ನಿಲ್ಲಿಸಿಕೊಂಡು ಹೇಳಿಸಿದ್ದೇ ಹೇಳಿಸಿದ್ದು."

"ಕೆಳಗೆ ಯಾರೂ ಇರ್ಲಿಲ್ವಾ?"

"ಡಾಕ್ಟರಮ್ಮ ತಮ್ಮ ಕೋಣೇಲಿ ಮಲಗಿದ್ರು, ತಲೆನೋವು. ತಣ್ಣನೆ ಕೋಣೆ ಬಾಗಿಲಲ್ಲಿ ಕಾವಲುಗಾರ. ಕೀಲಿ ಇದ್ದದ್ದೂ ಅವನ ಹತ್ರ. ಇನ್ನೇನು ಹುಡುಕ್ತೀರಿ? ಬೇಲಿಯೇ ಹೊಲ ಮೇಯ್ದಿದೆ. ಸಂಜೆಯೊಳಗೆ ಅವನು ಬಾಯಿ ಬಿಡದಿದ್ರೆ, ಕಾರ್ಯಕ್ರಮ ಹಾಳಾದ್ರೂ ಸರಿ, ಪೊಲೀಸರಿಗೆ ಒಪ್ಪಿಸ್ತೀನಿ."

ಅವರ ಪಕ್ಕದಲ್ಲಿ ಒಬ್ಬರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಬೀಜದ ಕಂಪನಿಯವರು. ಹಚ್ಚಿಕೊಂಡ ಸೆಂಟಿಗೆ ನಾವು ಅವರನ್ನು ಅತ್ತರು ಎಂದು ಕರೆಯುತ್ತಿದ್ದೆವು. ಆ ಜಾಡಿಯ ಮೇಲೆ ಅವರಿಗೆ ಕಣ್ಣಿತ್ತೆಂಬುದು ಗುಟ್ಟಲ್ಲ.

"ನೀವು ನಿನ್ನೆ ಎಲ್ಲಿದ್ರಿ?"

"ರಿಹರ್ಸಲ್ ನೋಡ್ತಾ ಇದ್ದೆ."

"ಏನಂದ್ರಿ? ಈ ಕಿವಿ ಸ್ವಲ್ಪ ಮಂದ."

"ರಿಹರ್ಸಲ್ ನೋಡ್ತಾ ಇದ್ದೆ ಅಂದೆ."

ಅದೇ ಬಟ್ಟೆ. ದೊಡ್ಡಮ್ಮ ಕಡಲೆಕಾಯಿ ಸಿಪ್ಪೆ ಊದಿದಳು.

"ಕದಿಯೋ ಅಗತ್ಯ ನನಗೇನಿದೆ?" ಅತ್ತರು ನಕ್ಕರು. "ಕೇಳಿದ್ರೆ ಸಾಹೇಬರೇ ಅಂಗೈಗೆ ಸುರೀತಾರೆ."

"ಕಳ್ಳನಿಗೆ ಆತುರ ಇತ್ತು," ನಿರ್ದೇಶಕರು ನಡುವೆ ಹೇಳಿದರು. "ಪೂರ್ತಿ ತಗೊಂಡು ಹೋಗಕ್ಕೂ ಆಗಿಲ್ಲ. ಒಂದು ಹಿಡಿ ಬಿಟ್ಟು ಓಡಿದ್ದಾನೆ."

ಆತುರ. ಆ ಮಾತು ನನಗೆ ಒಗ್ಗಲಿಲ್ಲ. ಯಾಕೆಂದು ಗೊತ್ತಾಗಲಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

*

ಕಾವಲುಗಾರನನ್ನು ನಾವೆಲ್ಲ ಮೀಸೆಮಾವ ಎನ್ನುತ್ತೇವೆ. ಮುಖದಲ್ಲಿ ಮೀಸೆಯದೇ ಕಾರುಬಾರು. ಇವತ್ತು ಅದು ಎರಡೂ ಕಡೆ ಜೋತುಬಿದ್ದಿತ್ತು. ತಣ್ಣನೆ ಕೋಣೆಯ ಬಾಗಿಲಲ್ಲಿ ಅವನ ಕುರ್ಚಿ, ಪಕ್ಕದ ಗೋಡೆಯಲ್ಲಿ ಕೀಲಿಯ ಮೊಳೆ, ಎದುರಿಗೆ ಅಕ್ಕನ ಕೋಣೆ. ಹೊರಗೆ ರಸ್ತೆಯ ತಾರು ಕರಗುವ ಬಿಸಿಲು. ಕಿಟಕಿಯ ಸರಳು ಮುಟ್ಟಲಾಗುತ್ತಿರಲಿಲ್ಲ.

"ಮಧ್ಯಾಹ್ನ ಎಲ್ಲಿದ್ರಿ?" ದೊಡ್ಡಮ್ಮ ಕೇಳಿದಳು.

"ಇದೇ ಕುರ್ಚಿಲಿ ಅಮ್ಮಾ. ಅಲ್ಲಾಡಲಿಲ್ಲ."

"ಏನಂದ್ರಿ? ಈ ಕಿವಿ—"

"ಅಲ್ಲಾಡಲಿಲ್ಲ ಅಂದೆ. ನೀರು ಕುಡಿಯೋಕೂ ಏಳಲಿಲ್ಲ. ಔಷಧಿ ಅಂಗಡಿಗೂ ಹೋಗಲಿಲ್ಲ."

ದೊಡ್ಡಮ್ಮನ ಬೆರಳುಗಳಲ್ಲಿ ಕಡಲೆಕಾಯಿ ನಿಂತಿತು.

"ಔಷಧಿ ಅಂಗಡಿ ಅಂತ ನಾನು ಕೇಳಿದ್ನಾ?"

ಮೀಸೆಮಾವ ಬಾಯಿ ಮುಚ್ಚಿದ. ಇನ್ನೆರಡು ಪ್ರಶ್ನೆ ಕೇಳಿದರೂ ಮೀಸೆಯ ತುದಿಯೇ ಉತ್ತರ ಎಂಬಂತೆ ಅದನ್ನೇ ಹುರಿಗೊಳಿಸುತ್ತ ಕುಳಿತ.

ಹೊರಗೆ ಬಂದು ದೊಡ್ಡಮ್ಮ ಕೇಳಿದಳು: "ಇವನಿಗೆ ಮಕ್ಕಳೆಷ್ಟು?"

"ಮೊಮ್ಮಕ್ಕಳೂ ಇವೆ," ಎಂದೆ. "ಇವನೊಬ್ಬನ ದುಡಿಮೆ."

"ಕದ್ದಿದ್ದಾನಾ?"

ಇಲ್ಲವೆಂದು ತಲೆಯಲ್ಲಾಡಿಸಿದೆ.

"ತಲೆ ಅಲ್ಲಾಡಿಸ್ಬೇಡ. ಬಾಯಲ್ಲಿ ಹೇಳು."

ಆಗಲಿಲ್ಲ. ದೊಡ್ಡಮ್ಮ ನಿಟ್ಟುಸಿರುಬಿಟ್ಟಳು. "ಜಾಡಿ ಸಿಕ್ಕಿದೆ, ಜಾಡು ಸಿಗ್ಬೇಕು. ಸರಿ, ಬರೆದಾದ್ರೂ ಇಟ್ಟಿರ್ತೀಯಲ್ಲ ಎಲ್ಲಾನೂ. ಬೆಳಿಗ್ಗೆ ಜಾಡಿ ಹೇಗಿತ್ತು?"

ಹಿಡಿ ಭತ್ತ, ಬಲೆಚೀಲ, ನೀಲಿ ಮಣಿ, ಎಂದು ಪಿಸುಗುಟ್ಟಿದೆ.

"ನೀಲಿನಾ? ಸಾಹೇಬರು ಅಂಗೈಗೆ ಸುರಿದು ವಾಪಸ್ ತುಂಬಿದ ದಿನ ಯಾವ ಬಣ್ಣ ಇರುತ್ತೆ?"

"ಕೆಂಪು. ಅಕ್ಕ ಪ್ರತಿ ಸಲ ಬೇರೆ ಹಾಕ್ತಾಳೆ—"

ಅಲ್ಲಿಗೇ ನಿಂತೆ. ಹಲ್ಲಿನ ಸಂದಿಯ ನಾರು ಸಿಕ್ಕಿತ್ತು. ಸಿಗದಿದ್ದರೇ ಚೆನ್ನಾಗಿತ್ತು.

ದೊಡ್ಡಮ್ಮ ನನ್ನ ಕಿವಿಗಳನ್ನು ನೋಡಿದಳು.

*

ಊಟದ ಹೊತ್ತು ಕಳೆದ ಮೇಲೆ ಎಲ್ಲರನ್ನೂ ನಿರ್ದೇಶಕರ ಕೋಣೆಗೆ ಸೇರಿಸಿದಳು. ನಿರ್ದೇಶಕರು, ಅತ್ತರು, ಬಾಗಿಲ ಬಳಿ ಮೀಸೆಮಾವ. ಅಕ್ಕ ಕಿಟಕಿಗೆ ಒರಗಿ ನಿಂತಿದ್ದಳು. ಬೆಳಗಿನಿಂದ ಅವಳು ಯಾರೊಡನೆಯೂ ಮಾತಾಡಿರಲಿಲ್ಲ. ಗಡಿಯಾರ ನೋಡುತ್ತಿದ್ದಳು, ಅಷ್ಟೇ. ನನ್ನನ್ನು ನೋಡಿ ಸಣ್ಣಗೆ ನಕ್ಕಳು. ನಾನು ನೆಲ ನೋಡಿದೆ.

"ಜಾಡಿ ತರ್ತೀನಿ," ಎಂದು ದೊಡ್ಡಮ್ಮ ತಾನೇ ಹೋಗಿ ತಂದು ಮೇಜಿನ ನಡುವೆ ಇಟ್ಟಳು. ತಣ್ಣನೆ ಕೋಣೆಯಿಂದ ನೇರ ಬಂದ ಗಾಜು. ನಾವು ನೋಡುತ್ತಿದ್ದಂತೆ ಅದು ಮಂಜಾಯಿತು. ಮಂಜು ಹನಿಯಾಯಿತು. ಹನಿಗಳು ಒಂದನ್ನೊಂದು ಕೂಡಿ ಕೆಳಗಿಳಿಯತೊಡಗಿದವು.

"ಒಳಗಿನದ್ದನ್ನ ಕಣ್ಣಾರೆ ನೋಡ್ಬೇಕು," ದೊಡ್ಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಯಾರಾದ್ರೂ ತೆಗೀರಪ್ಪಾ. ನನ್ನ ಕೈಲಿ ಬಲ ಇಲ್ಲ."

ನಿರ್ದೇಶಕರ ಕೈ ಥಟ್ಟನೆ ಮುಂದೆ ಬಂತು. ಅತ್ತರು ಕೂಡ ಕಾಲಿಳಿಸಿ ಬಗ್ಗಿದರು.

"ಬೇಡ!"

ಅಕ್ಕನ ದನಿ. ಅದೇ ಕ್ಷಣಕ್ಕೆ ಇನ್ನೊಂದು ಕೈ ಮುಚ್ಚಳದ ಮೇಲೆ ಬಿದ್ದು ಒತ್ತಿ ಹಿಡಿದಿತ್ತು. ಯಾರದ್ದೆಂದು ನೋಡಿದರೆ, ನನ್ನದು.

"ಯಾಕಮ್ಮಾ ಬೇಡ?" ದೊಡ್ಡಮ್ಮ ಬಲು ಮೆಲ್ಲಗೆ ಕೇಳಿದಳು.

"ಬೆವರ್ತಾ ಇದೆ," ಅಕ್ಕ ಹೇಳಿದಳು. "ಬೆವರು ಆರಲಿ. ಗಾಜು ಈ ಕೋಣೆಯಷ್ಟು ಬೆಚ್ಚಗಾದ ಮೇಲೇ ಮುಚ್ಚಳ ತೆಗೀಬೇಕು. ಇಲ್ದಿದ್ರೆ ಈ ಬೆವರೆಲ್ಲ ಬೀಜದ ಮೇಲೆ ಕೂರುತ್ತೆ. ಅದನ್ನ ಹಾಗೇ ಮತ್ತೆ ಒಳಗಿಟ್ರೆ..." ಮಾತು ನಿಂತಿತು. ಏನು ಹೇಳಿಬಿಟ್ಟೆ ಎಂಬುದು ಅವಳಿಗೆ ತಿಳಿದಂತಿತ್ತು.

"ಏನಂದ್ರಿ?" ಎಂದು ದೊಡ್ಡಮ್ಮ ಈ ಸಲ ಕೇಳಲಿಲ್ಲ.

ಗಾಜಿನ ಮಂಜನ್ನು ಸೆರಗಿನಿಂದ ಒರೆಸಿ, ಒಳಗೆ ಬೆರಳು ತೋರಿಸಿದಳು. "ಈ ಮಣಿ ನೋಡಿ ಸಾಹೇಬರೇ. ನೀಲಿ. ನೀವು ತೆಗೆದ ದಿನ ಇದು ಕೆಂಪಾಗುತ್ತೆ, ಯಾಕಂದ್ರೆ ನೀವು ಕಾಯಲ್ಲ. ಕಳ್ಳನಿಗೆ ಆತುರ ಅಂದ್ರಿ. ಆತುರ ಇದ್ದಿದ್ರೆ ಇದೂ ಕೆಂಪಾಗ್ತಿತ್ತು. ನಿನ್ನೆ ಈ ಜಾಡಿ ತೆಗೆದವರು ಇದನ್ನ ಹೊರಗಿಟ್ಟು, ಪಕ್ಕದಲ್ಲಿ ಕೂತು, ಬೆವರು ಆರೋ ತನಕ ಕಾದಿದ್ದಾರೆ. ಮೇಲಿನಿಂದ ಯಾರಾದ್ರೂ ಇಳಿದು ಬಂದ್ರೆ ಸಿಕ್ಕಿಬೀಳ್ತೀವಿ ಅಂತ ಗೊತ್ತಿದ್ರೂ ಕಾದಿದ್ದಾರೆ. ಇಷ್ಟು ವರ್ಷದಲ್ಲಿ ನಾನು ಎಂಥೆಂಥ ಕಳ್ಳರನ್ನ ನೋಡಿದೀನಿ. ಕದ್ದ ಮಾಲಿಗೆ ನೆಗಡಿ ಆಗುತ್ತೆ ಅಂತ ಕಾದವರನ್ನ ನೋಡಿಲ್ಲ."

ನಿರ್ದೇಶಕರು ಬಗ್ಗಿ ಮಣಿಗಳನ್ನು ನೋಡಿದರು.

"ಒಂದು ಹಿಡಿ ಬಿಟ್ಟದ್ದೂ ಆತುರಕ್ಕಲ್ಲ. ತಗೊಂಡು ಹೋದದ್ದಕ್ಕೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಇಲ್ಲೊಂದು ಹಿಡಿ ಇರಲಿ ಅಂತ. ಹೀಗೆ ಬೆವರು ಆರೋಕೆ ಕಾಯೋ ಅಭ್ಯಾಸ ಈ ಕೋಣೇಲಿ ಇಬ್ಬರಿಗೆ ಮಾತ್ರ. ಈಗ ತಾನೇ ಎಲ್ರೂ ನೋಡಿದ್ರಿ."

ನಿರ್ದೇಶಕರು ನನ್ನ ಮೇಲೆ ಬೆರಳೆತ್ತಿದರು. "ಬೆಳಿಗ್ಗೇನೇ ಅಂದ್ಕೊಂಡೆ! ಆ ಕಿವಿ—"

"ಕಿವಿ ಬಿಡಿ. ಮಧ್ಯಾಹ್ನವೆಲ್ಲ ಅವಳನ್ನ ಗುಂಗಾಡಿ ಅಂತ ಬೈತಾ ಮೇಲೆ ನಿಲ್ಲಿಸಿಕೊಂಡಿದ್ದು ನೀವೇ." ದೊಡ್ಡಮ್ಮ ಮೀಸೆಮಾವನ ಕಡೆ ತಿರುಗಿದಳು. "ತಲೆನೋವಿನ ಮಾತ್ರೆ ತರೋಕೆ ಹೋಗಿದ್ರಿ ಅಲ್ವಾ? ಕೀಲಿ ಮೊಳೆಗೆ ಹಾಕಿ?"

ಅವನ ಕಣ್ಣು ತುಂಬಿತು. "ಹತ್ತಿರದ ಅಂಗಡಿ ಬಿಸಿಲಿಗೆ ಮುಚ್ಚಿತ್ತು ಅಮ್ಮಾ. ಊರೆಲ್ಲ ಸುತ್ತಿದೆ. ಬಾಗಿಲು ಬಿಟ್ಟು ಹೋದೆ ಅಂದ್ರೆ ಕೆಲಸ ಹೋಗುತ್ತೆ ಅಂತ..."

"ಮಧ್ಯಾಹ್ನ ಅಂಗಡಿ ಮುಚ್ಚಿರುತ್ತೆ ಅಂತ, ಕಳಿಸಿದವರಿಗೆ ಗೊತ್ತಿತ್ತು. ಅಲ್ವಾ ಡಾಕ್ಟರಮ್ಮಾ?"

ಅಕ್ಕ ಕಿಟಕಿಯಿಂದ ಬೆನ್ನು ತೆಗೆದಳು.

"ಗೊತ್ತಿತ್ತು," ಎಂದಳು. "ನಾನೇ ತಗೊಂಡೆ. ಮಾವ, ನನ್ನನ್ನ ಕ್ಷಮಿಸು. ಸಂಜೆ ಆದ ಕೂಡಲೇ ನಾನೇ ಬಂದು ಹೇಳೋಳಿದ್ದೆ. ಅಷ್ಟರಲ್ಲಿ ಬೀಜ ನೆಲಕ್ಕೆ ಬಿದ್ದಿರುತ್ತೆ ಅಂತ. ನನ್ನ ತಮ್ಮ ಕರಾವಳಿಯ ಗದ್ದೇಲಿ ಸಸಿಮಡಿ ಮಾಡಿಕೊಂಡು ಕೂತಿದ್ದಾನೆ. ಬಿಸಿಲು ಇಳಿದ ಮೇಲೆ ಬಿತ್ತಬೇಕು."

"ಇನ್ನೂ ಬಿತ್ತಿಲ್ಲ!" ನಿರ್ದೇಶಕರು ಎದ್ದೇಬಿಟ್ಟರು. ಮುಖಕ್ಕೆ ರಕ್ತ ಮರಳಿತು. "ಫೋನ್ ಮಾಡಿ. ಈಗಲೇ. ಕಾರು ಕಳಿಸ್ತೀನಿ. ತಂದು ಜಾಡಿಗೆ ತುಂಬಿಬಿಡೋಣ. ಯಾರಿಗೂ ಏನೂ ಆಗಲ್ಲ, ನಿಮಗೂ ಆಗಲ್ಲ, ಇವನಿಗೂ ಆಗಲ್ಲ. ಸಂಜೆ ಅತಿಥಿಗಳು ಬರೋ ಹೊತ್ತಿಗೆ ಎಲ್ಲ ಇದ್ದ ಹಾಗೇ ಇರುತ್ತೆ."

"ಇದ್ದ ಹಾಗೇ ಇರಬಾರದು ಅಂತಾನೇ—"

"ನೀವು ಸುಮ್ಮನಿರಿ! ಕದ್ದವರ ಮಾತಿಗೆ ಬೆಲೆ ಇಲ್ಲ. ಇಲ್ಲಿ ಹೂವಿನ ಹಾಗೆ ಕಾಪಾಡಿದ ಬೀಜ. ಉಪ್ಪು ಕೆಸರಿಗೆ ಎಸೆಯೋಕೆ ಹೊರಟಿದ್ರಿ."

ಅಕ್ಕ ಮತ್ತೆ ಗಡಿಯಾರ ನೋಡಿದಳು. ದೊಡ್ಡಮ್ಮ ಕುರ್ಚಿಗೆ ಒರಗಿದಳು. ಅವಳ ಕೆಲಸ ಮುಗಿದಿತ್ತು. ಕದ್ದವರು ಯಾರೆಂದು ಹೇಳಿಯಾಗಿತ್ತು. ಆದರೂ ಛತ್ರಿಯ ತುದಿಯಿಂದ ನನ್ನ ಚಪ್ಪಲಿಯನ್ನು ಮೆಲ್ಲಗೆ ತಿವಿದಳು.

ಅಕ್ಕ ಆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ ಗಳಿಗೆ ಕಣ್ಣಮುಂದೆ ಬಂತು. ನಿನ್ನ ಕೈಗೇನೂ ಆಗಿಲ್ಲ ಬಿಡು. ಸಮಾಧಾನಕ್ಕೆ ಹೇಳಿದ್ದಾಳೆ ಎಂದುಕೊಂಡಿದ್ದೆ. ಅವಳು ಉತ್ತರವನ್ನೇ ಹೇಳಿದ್ದಳು. ಕೈಗುಣ ಕೆಟ್ಟಿದ್ದು ನಿಜ, ಕೈ ನನ್ನದಲ್ಲ.

ನಿರ್ದೇಶಕರು ಅತ್ತರಿನವರ ಕಡೆ ನಗು ಬೀರಿ, ನನ್ನತ್ತ ತಿರುಗಿದರು. ನಾನು ಎಲ್ಲದಕ್ಕೂ ಹೂಂ ಎಂದು ತಲೆಯಲ್ಲಾಡಿಸುವವಳೆಂದು ಅವರಿಗೆ ಚೆನ್ನಾಗಿ ಗೊತ್ತು.

"ಬೀಜ ಪರೀಕ್ಷೆ ಮಾಡೋಳು ನೀನೇ ಅಲ್ವೇನಮ್ಮಾ? ಹೇಳು ಇವರಿಗೆ. ನಮ್ಮ ಜಾಡೀಲಿ ಕಡಲಭತ್ತ ಚೆನ್ನಾಗಿತ್ತು ತಾನೇ?"

ಕಿವಿಗಳು ಕಾದವು. ಗೋಡೆಯ ಫೋಟೋಗಳಲ್ಲೆಲ್ಲ ಅವರು ನಗುತ್ತ ಸುರಿಯುತ್ತಿದ್ದರು. ಮೀಸೆಮಾವ ನನ್ನ ಬಾಯಿಯನ್ನೇ ನೋಡುತ್ತಿದ್ದ. ಜಾಡಿಯ ಮುಚ್ಚಳದ ಮೇಲೆ ನನ್ನ ಕೈ ಇನ್ನೂ ಇತ್ತು. ಅದರಡಿಯಲ್ಲಿ ಗಾಜು ನಿಧಾನವಾಗಿ ಬೆಚ್ಚಗಾಗುತ್ತಿತ್ತು. ಬೆವರು ಆರುತ್ತ ಬಂದಿತ್ತು.

"ಇಲ್ಲ ಸರ್," ಎಂದೆ. ಗುಂಗಾಡಿಯ ದನಿಯಲ್ಲ, ಕೋಣೆಯ ಮೂಲೆಗೂ ಕೇಳಿಸಿತು. "ಅದು ನಿಮ್ಮ ಅಂಗೈಯಲ್ಲಿ ಸಾಯ್ತಾ ಇತ್ತು."